ನೂರ ಹತ್ತೊಂಬತ್ತನೆಯ ಸಾಲು

ಇದು ನನ್ನ ದೊಡ್ಡಮ್ಮನ ಮಗಳು ಟೂರುನ್‌ಗೆ ಆದದ್ದು. ಅರ್ಧ ಅವಳು ಹೇಳಿದ್ದು. ಇನ್ನರ್ಧ ನಾನು ಪಕ್ಕದಲ್ಲೇ ನಿಂತು ನೋಡಿದ್ದು. ದೀಪ ಹಾಗೇ ಉರಿಯಲಿ, ಬಾಗಿಲು ಮಾತ್ರ ಹಾಕಿಕೊಳ್ಳಿ. ಹೊರಗಿನ ಗಾಳಿಯ ಸದ್ದು ಕೇಳುತ್ತಿದ್ದರೆ ನನಗೆ ಇದನ್ನು ಪೂರ್ತಿ ಹೇಳುವುದಕ್ಕೆ ಆಗುವುದಿಲ್ಲ.

ಜನವರಿ ತಿಂಗಳು. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಭೂಮಿಯ ಉತ್ತರ ತುದಿಯಲ್ಲಿರುವ ನಮ್ಮೂರು ಸ್ಕಾರ್ವಿಕಾಕ್ಕೆ ಮತ್ತೆ ಬರುವುದಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಮಧ್ಯಾಹ್ನ ಹನ್ನೆರಡಕ್ಕೆ ಒಂದಿಷ್ಟು ನೀಲಿ ಬೆಳಕು, ಎರಡಕ್ಕೆಲ್ಲ ಗವ್ವೆನ್ನುವ ಕತ್ತಲೆ. ಹಾಗಾಗಿ ಆ ಮಂಗಳವಾರ ಟೂರುನ್ ಪುರಸಭೆ ಕಚೇರಿಯ ಬಾಗಿಲು ಹಾಕಿ ಹೊರಟದ್ದು ಸಂಜೆ ಏಳಕ್ಕಾದರೂ, ದಾರಿಯಲ್ಲಿ ನಡುರಾತ್ರಿಯ ಹಾಗೇ ಇತ್ತು. ಒಂದು ನಾಯಿ ಕೂಡ ಇಲ್ಲ. ಕಾಲ ಕೆಳಗೆ ಹಿಮ ಮಾತ್ರ... ಕರಕ್, ಕರಕ್.

ಮನೆಯ ದಾರಿಯಲ್ಲಿ, ಮೇಲ್ಕೇರಿಗೆ ರಸ್ತೆ ಕವಲೊಡೆಯುವಲ್ಲಿ, ಒಂದು ಹಳೆಯ ಬಾವಿ ಇದೆ. ಈಗ ಯಾರೂ ಅದರಲ್ಲಿ ನೀರು ಸೇದುವುದಿಲ್ಲ. ರಾಟೆ ತೆಗೆದು ಎಷ್ಟೋ ಕಾಲವಾಯಿತು. ಬಾಯಿಗೆ ದಪ್ಪ ಹಲಗೆ ಮುಚ್ಚಿ ನಾಲ್ಕು ಮೂಲೆಗೂ ಬೋಲ್ಟು ಬಿಗಿದಿದ್ದಾರೆ. ಪಕ್ಕದಲ್ಲಿ ಒಂದು ಕಲ್ಲು. ತೊಂಬತ್ತು ವರ್ಷದ ಹಿಂದೆ ಬೆಟ್ಟದಿಂದ ಹಿಮ ಜಾರಿ ಮೇಲ್ಕೇರಿಯ ಒಂದು ಮನೆ ಮನೆಯೇ ಹೋಯಿತಂತೆ. ಸತ್ತವರ ಹೆಸರು ಆ ಕಲ್ಲಿನ ಮೇಲಿದೆ. ಏಳು ಹೆಸರು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ‘ಮತ್ತು ಕೆಲಸದವಳು’.

ಆ ವರ್ಷವೇ ಎಲ್ಲಿಂದಲೋ ಬಂದು ಕೆಲಸಕ್ಕೆ ಸೇರಿದ್ದ ಹುಡುಗಿ. ಅವಳ ಹೆಸರು ಗೊತ್ತಿದ್ದವರೆಲ್ಲ ಆ ಮನೆಯ ಜೊತೆಗೇ ಹೋದರು. ಏಳು ಹೆಣ ಸಿಕ್ಕಿದ ಮೇಲೆ ಊರಿನವರು ಸಲಿಕೆ ಕೆಳಗಿಟ್ಟರು. ಮನೆಯವರು ಏಳು, ಸಿಕ್ಕವರು ಏಳು... ಇನ್ನೇನು ಹುಡುಕುವುದು? ಮೇ ತಿಂಗಳಲ್ಲಿ ಹಿಮ ಕರಗಿದಾಗ ಅವಳು ಬಾವಿಯ ಹತ್ತಿರ ಸಿಕ್ಕಳು. ಕೈಯಲ್ಲಿ ಬಕೆಟ್ಟಿನ ಹಿಡಿ ಇತ್ತಂತೆ. ಅವಳು ತಕ್ಷಣ ಸತ್ತಿರಲಿಲ್ಲ ಅಂತ ಆಗಿನ ಡಾಕ್ಟರು ಹೇಳಿದ್ದರಂತೆ.

ಇದೆಲ್ಲ ನಮ್ಮೂರಿನ ಮಕ್ಕಳಿಗೂ ಗೊತ್ತು. ಯಾರೂ ಹೆದರುವುದಿಲ್ಲ. ಟೂರುನ್ ದಿನಾ ಅದೇ ದಾರಿಯಲ್ಲಿ ಓಡಾಡುವವಳು, ಅವಳಂತೂ ಹೆದರುವವಳೇ ಅಲ್ಲ.

ಕಲ್ಲಿನ ಹತ್ತಿರ ಬಂದಾಗ ಅವಳಿಗೆ ಸದ್ದು ಕೇಳಿಸಿತು.

ಕಿರ್... ಕಿರ್... ಕಿರ್... ಆಮೇಲೆ, ಟಣ್.

ಸರಪಳಿ ರಾಟೆಯ ಮೇಲೆ ಎಳೆದಾಡುವ ಸದ್ದು. ಬಕೆಟ್ಟು ಬಾವಿಯ ಗೋಡೆಗೆ ತಗುಲುವ ಸದ್ದು. ಟೂರುನ್ ನಿಂತಳು. ಬೀದಿದೀಪದ ಬೆಳಕು ಎಲ್ಲಿ ಮುಗಿಯುತ್ತದೋ ಅದರ ಆಚೆಗೆ ಒಬ್ಬಳು ನಿಂತಿದ್ದಳು. ತಲೆಯ ಮೇಲೆ ಉಣ್ಣೆಯ ಶಾಲು. ಮುಖ ಕಾಣಲಿಲ್ಲ.

ಪಿಸುದನಿಯಲ್ಲಿ ಅವಳು ಕೇಳಿದಳು, “ನನ್ನ ಹೆಸರು ಬರಕೊಂಡ್ರಾ?”

ಊರಲ್ಲಿ ಯಾವ ಪಟ್ಟಿ ಆಗಬೇಕಿದ್ದರೂ ಟೂರುನ್ನೇ. ಶಿಶುವಿಹಾರದ ಮಕ್ಕಳ ಪಟ್ಟಿ, ಹಿಮ ತೆಗೆಯಬೇಕಾದ ಅಂಗಳಗಳ ಪಟ್ಟಿ, ದೋಣಿ ಕಟ್ಟುವ ಜಾಗದ ಪಟ್ಟಿ. ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ಎಲ್ಲಿ ಸಿಕ್ಕಿದರೂ ಜನ ಅವಳನ್ನು ನಿಲ್ಲಿಸಿ ಇದನ್ನೇ ಕೇಳುವುದು. ಹಾಗಾಗಿ ಬಾಯಿಗೆ ಅಭ್ಯಾಸವಾಗಿದ್ದ ಉತ್ತರವೇ ಬಂತು.

“ನಾಳೆ ಆಫೀಸಿಗೆ ಬಾ. ಬರ್ಕೋತೀನಿ.”

ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಅವಳಿಗೆ ಹೊಳೆಯಿತು. ಆ ಹೆಂಗಸು ತನ್ನನ್ನು ಬಹುವಚನದಲ್ಲಿ ಮಾತಾಡಿಸಿದಳು. ನಮ್ಮೂರಲ್ಲಿ ಪಾದ್ರಿಗೂ ನೀನು, ಪೊಲೀಸಿಗೂ ನೀನು. ‘ನೀವು’ ಅನ್ನುವುದು ನಮ್ಮ ಮುತ್ತಜ್ಜಿಯರ ಕಾಲಕ್ಕೇ ಹೋಯಿತು. ಅವಳು ತಿರುಗಿ ನೋಡಿದಳು. ಯಾರೂ ಇಲ್ಲ. ಬಾವಿಯ ಹಲಗೆಯ ಮೇಲೆ ಮೊಣಕಾಲೆತ್ತರ ಹಿಮ. ಬೆರಳು ತಾಗಿದ ಗುರುತು ಕೂಡ ಇಲ್ಲ.

ಆ ಚಳಿಗಾಲ ನಾನು ಟೂರುನ್ ಮನೆಯಲ್ಲೇ ಇದ್ದೆ, ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಆ ಸಂಜೆ ಟೂರುನ್ ಮನೆಗೆ ಬಂದವಳು ಕೋಟು ಬಿಚ್ಚದೆ ಬಹಳ ಹೊತ್ತು ಒಲೆಯ ಮುಂದೆ ಕೂತಿದ್ದಳು. ಏನಾಯಿತು ಅಂತ ನಾನು ಕೇಳಲಿಲ್ಲ. ನಾನು ಹಾಗೆಲ್ಲ ಕೇಳುವವಳಲ್ಲ. ಆ ಸ್ವಭಾವದ ಬಗ್ಗೆ ಆಮೇಲೆ ಹೇಳುತ್ತೇನೆ. ಹೇಳಲೇಬೇಕು.

ಆ ರಾತ್ರಿ ಬಿರುಗಾಳಿ ಎದ್ದಿತು. ಬುಧವಾರ ಮಧ್ಯಾಹ್ನ ಒಂದರ ಹೊತ್ತಿಗೆ ಮೇಲ್ಕೇರಿ ಖಾಲಿ ಮಾಡಬೇಕು ಅಂತ ಆದೇಶ ಬಂತು. ಬೆಟ್ಟದ ಮೇಲಿನ ಹಿಮ ಯಾವಾಗ ಜಾರುತ್ತದೋ ಹೇಳುವುದಕ್ಕಾಗುವುದಿಲ್ಲ. ನಲವತ್ತೊಂದು ಮನೆ, ನೂರ ಹದಿನೆಂಟು ಜನ. ಎಲ್ಲರೂ ಶಾಲೆಯ ಆಟದ ಹಾಲಿಗೆ ಬರಬೇಕು. ಕೆಳಗೆ ನೆಂಟರಿಷ್ಟರಿದ್ದವರು ಅಲ್ಲಿಗೇ ಹೋಗಬಹುದು, ಆದರೆ ಫೋನು ಮಾಡಿ ಹೇಳಬೇಕು.

ಹಾಲಿನ ಬಾಗಿಲ ಪಕ್ಕದಲ್ಲಿ ಒಂದು ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಮುಂದೆ ಟೂರುನ್. ಸ್ಪ್ರೆಡ್‌ಶೀಟ್ ತೆರೆದಿತ್ತು. ಮೊದಲ ಕಾಲಮ್ಮಿನಲ್ಲಿ ಮನೆ ನಂಬರು, ಎರಡನೆಯದರಲ್ಲಿ ಹೆಸರು, ಮೂರನೆಯದರಲ್ಲಿ ಬಂದರೆ ಒಂದು ಟಿಕ್. ಇಷ್ಟೇ. ಜನ ಬಂದು ಬೂಟು ಬಿಚ್ಚಿ ಬಾಗಿಲ ಹತ್ತಿರ ರಾಶಿ ಹಾಕಿ, ಉಣ್ಣೆಯ ಕಾಲುಚೀಲದಲ್ಲಿ ನಡೆದು ಬಂದು ಹೆಸರು ಹೇಳುವುದು, ಅವಳು ಟಿಕ್ ಹಾಕುವುದು. ಗೋಡೆಯ ತುಂಬ ಮಕ್ಕಳು ಕತ್ತರಿಸಿ ಅಂಟಿಸಿದ್ದ ಹಳದಿ ಕಾಗದದ ಸೂರ್ಯಗಳು, ಸೂರ್ಯ ಬರುವ ದಿನಕ್ಕೆಂದು ಮಾಡಿದ್ದು. ಬೆರಿತ್ ಅನ್ನುವಾಕೆ, ಊರಿನ ಬೇಕರಿಯವಳು, ಮೇಲ್ಕೇರಿಯಲ್ಲೇ ಮನೆ, ಮೂಲೆಯಲ್ಲಿ ವಾಫಲ್ ಹುಯ್ಯುತ್ತಿದ್ದಳು. ನನ್ನದು ಕಾಫಿ.

ಮೂರೂವರೆ ಹೊತ್ತಿಗೆ ಟಿಕ್ ಇಲ್ಲದೆ ಉಳಿದಿದ್ದವರು ಮೂರೇ ಜನ. ಆಗ ಆದದ್ದು ಆ ತಪ್ಪು.

ಪಟ್ಟಿ ಮನೆ ನಂಬರಿನ ಪ್ರಕಾರ ಇತ್ತು. ಜನ ಫೋನು ಮಾಡಿ ಹೇಳುವುದು ಹೆಸರು. ಹೆಡ್‌ಮಾಸ್ಟರು ಒಡ್ವಾರ್, ಅವರೂ ಮೇಲ್ಕೇರಿಯವರೇ, ಟೂರುನ್‌ಳ ಭುಜದ ಮೇಲಿಂದ ಬಗ್ಗಿ ಹೆಸರು ಹುಡುಕಿ ಹುಡುಕಿ ಸಾಕಾಗಿದ್ದರು.

“ಇದನ್ನ ಅಕ್ಷರದ ಸಾಲಿಗಾದ್ರೂ ಹಾಕು ಮಾರಾಯ್ತಿ. ಒಂದನೇ ಕ್ಲಾಸಿನ ಹಾಜರಿ ಪುಸ್ತಕಾನೇ ಇದಕ್ಕಿಂತ ವಾಸಿ.”

ಟೂರುನ್ ಹೆಸರಿನ ಕಾಲಂ ಹಿಡಿದು ಸಾರ್ಟ್ ಒತ್ತಿದಳು. ಪರದೆಯ ಮೇಲೆ ಒಂದು ಚೌಕ ಎದ್ದು ಬಂತು. ಪಕ್ಕದ ಕಾಲಂಗಳನ್ನೂ ಜೊತೆಗೆ ಜರುಗಿಸಲೇ, ಅಥವಾ ಇದೊಂದನ್ನೇ ಸಾಕೆ, ಅಂತ. ಒಂದು ಕಿವಿಯಲ್ಲಿ ಫೋನು, ಇನ್ನೊಂದರಲ್ಲಿ ಒಡ್ವಾರ್, ಎದುರಿಗೆ ಅಳುತ್ತಿದ್ದ ಮಗು. ಅವಳು ಓದಲಿಲ್ಲ. ಒತ್ತಿಬಿಟ್ಟಳು. ‘ಇದೊಂದೇ.’

ಆಗ ಏನಾಯಿತೆಂದು ನಮಗೆ ಗೊತ್ತಾದದ್ದು ರಾತ್ರಿ ಎಂಟು ಗಂಟೆಯ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಹೆಸರುಗಳಷ್ಟೇ ಜರುಗಿದವು. ಮನೆ ನಂಬರುಗಳೂ ಟಿಕ್‌ಗಳೂ ಇದ್ದಲ್ಲೇ ಉಳಿದವು. ಬಸ್ಸಿನಲ್ಲಿ ಕೂತವರನ್ನೆಲ್ಲ ಎಬ್ಬಿಸಿ ಬೇರೆ ಬೇರೆ ಸೀಟಿಗೆ ಕೂರಿಸಿ, ಟಿಕೆಟ್ಟು ಮಾತ್ರ ಹಳೆಯ ಸೀಟಿನ ಮೇಲೇ ಬಿಟ್ಟ ಹಾಗೆ. ಬಂದವರ ಮುಂದೆ ಖಾಲಿ, ಬರದವರ ಮುಂದೆ ಟಿಕ್. ನೋಡುವುದಕ್ಕೆ ಮಾತ್ರ ಪಟ್ಟಿ ಮೊದಲಿಗಿಂತ ಚೆನ್ನಾಗಿತ್ತು.

ನಾಲ್ಕಕ್ಕೆ ಪೇದರ್ ಅಜ್ಜ, ಅವರ ಹೆಂಡತಿ, ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಂದರು. ಟೂರುನ್ ಅವರ ಹೆಸರು ಹುಡುಕಿದಳು. ಟಿಕ್ ಆಗಲೇ ಇತ್ತು. ಯಾರೋ ಮೊದಲೇ ಫೋನು ಮಾಡಿ ಹೇಳಿರಬೇಕು ಅಂದುಕೊಂಡಳು.

ಆ ಮೂವರಲ್ಲಿ ಇನ್ನೊಬ್ಬ ಬರಲಿಲ್ಲ.

ಅವನ ಹೆಸರು ವೀತೆನಿಸ್. ಲಿಥುವೇನಿಯಾದವನು, ಮೀನಿನ ಕಾರ್ಖಾನೆಗೆ ಬಂದು ಮೂರೇ ವಾರ ಆಗಿತ್ತು. ಇಪ್ಪತ್ತೇಳನೇ ನಂಬರಿನ ಮನೆಯಲ್ಲಿ ಅಸ್ಲೌಗ್ ಅನ್ನುವಾಕೆಯ ಹತ್ತಿರ ನೆಲಮಾಳಿಗೆಯ ಕೋಣೆ ಬಾಡಿಗೆಗೆ ಹಿಡಿದಿದ್ದ. ಅಸ್ಲೌಗ್ ಮಗಳ ಮನೆಗೆಂದು ಪಟ್ಟಣಕ್ಕೆ ಹೋಗಿದ್ದಳು. ಅಲ್ಲಿಂದಲೇ ಫೋನು ಮಾಡಿ ತನ್ನ ಟಿಕ್ ಹಾಕಿಸಿಕೊಂಡಿದ್ದಳು. ಖಾಲಿ ಮಾಡಿಸುವವರು ಬಂದು ಮೇಲಿನ ಬಾಗಿಲು ಬಡಿದರು, ದೀಪವಿಲ್ಲ ಅಂತ ಹೋದರು. ಕೆಳಗಿನ ಬಾಗಿಲು ಹಿಂದುಗಡೆ, ಬೆಟ್ಟದ ಕಡೆಗಿದೆ. ಅವನು ರಾತ್ರಿ ಪಾಳಿ ಮುಗಿಸಿ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದ.

ನನಗೆ ಅವನು ಗೊತ್ತಿತ್ತು. ಗೊತ್ತಿತ್ತು ಅಂದರೆ... ಶನಿವಾರ ಶನಿವಾರ ಅಂಗಡಿಯಲ್ಲಿ ಸಿಗುತ್ತಿದ್ದ. ಬೀಟ್‌ರೂಟು, ಸಬ್ಬಸಿಗೆ, ಕಪ್ಪು ಬ್ರೆಡ್ಡು ಕೊಳ್ಳುತ್ತಿದ್ದ. ನನ್ನ ಹಾಗೇ ನಾಚಿಕೆಯವನು. ಒಂದು ಸಲ ತನ್ನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿಕೊಟ್ಟಿದ್ದ. ವೀ... ತೆ... ನಿಸ್. ನಾನು ಸರಿಯಾಗಿ ಹೇಳಿದಾಗ ನಕ್ಕಿದ್ದ. ಇಪ್ಪತ್ತೇಳರ ಕೆಳಗಿನ ಕೋಣೆಯಲ್ಲಿದ್ದೇನೆ, ಹಗಲು ಕಿವಿಗೆ ಹತ್ತಿ ಇಟ್ಟು ಮಲಗುತ್ತೇನೆ ಅಂತಲೂ ಹೇಳಿದ್ದ. ಆ ಮಧ್ಯಾಹ್ನ ಹಾಲಿನಲ್ಲಿ ನಾನು ಅವನ ನೀಲಿ ಟೋಪಿಗಾಗಿ ಕಣ್ಣಾಡಿಸಿದ್ದೆ. ಕಾಣಲಿಲ್ಲ. ಕಾಫಿ ಕೊಡುವ ನೆಪದಲ್ಲಿ ಬಗ್ಗಿ ಪಟ್ಟಿ ನೋಡಿದೆ. ಅವನ ಹೆಸರಿನ ಮುಂದೆ ಟಿಕ್ ಇತ್ತು. ಎಲ್ಲೋ ಇದ್ದಾನೆ, ಯಾರದೋ ಮನೆಗೆ ಹೋಗಿರಬೇಕು ಅಂದುಕೊಂಡೆ. ಯಾರ ಮನೆಗೆ? ಅವನಿಗೆ ಈ ಊರಲ್ಲಿ ಯಾರಿದ್ದರು? ಕೇಳಬಹುದಿತ್ತು. ಕೇಳಲಿಲ್ಲ.

ಐದು ಗಂಟೆ ಹತ್ತು ನಿಮಿಷಕ್ಕೆ ಬೆಟ್ಟ ಜಾರಿತು.

ಗುಡುಗಿನ ಹಾಗೆ ಇರುತ್ತದೆ ಅಂತ ಹೇಳುತ್ತಾರೆ. ಇರಲಿಲ್ಲ. ಮೊದಲು ಒಂದು ನಿಟ್ಟುಸಿರು... ದೊಡ್ಡ ಪ್ರಾಣಿ ಮಗ್ಗುಲು ಬದಲಿಸಿದ ಹಾಗೆ. ಆಮೇಲೆ ಕಿಟಕಿ ಗಾಜು ಜಿಣಿಜಿಣಿ ಅಂದವು. ಆಮೇಲೆ ದೀಪ ಹೋಯಿತು. ಕತ್ತಲೆಯಲ್ಲಿ ನೂರು ಜನ ಉಸಿರು ಬಿಗಿಹಿಡಿದದ್ದು ಕೇಳಿಸಿತು. ನೆಲಮಾಳಿಗೆಯಲ್ಲಿ ಜನರೇಟರು ಡುಗುಡುಗು ಶುರುವಾಗಿ ಅರ್ಧ ದೀಪ ಬಂದವು. ಫೋನುಗಳು ಸತ್ತಿದ್ದವು. ಪಟ್ಟಣದ ರಸ್ತೆ ಮುಚ್ಚಿತ್ತು, ಸಮುದ್ರದಲ್ಲಿ ದೋಣಿ ಇಳಿಸುವ ಹಾಗಿರಲಿಲ್ಲ. ನಾವು ಎಲ್ಲಿದ್ದೆವೋ ಅಲ್ಲೇ.

ಇಪ್ಪತ್ತನಾಲ್ಕರಿಂದ ಇಪ್ಪತ್ತೊಂಬತ್ತರವರೆಗೆ ಆರು ಮನೆ ಹಿಮದ ಕೆಳಗೆ ಹೋಗಿವೆ ಅಂತ ಟಾರ್ಚು ಹಿಡಿದು ನೋಡಿಬಂದವರು ಹೇಳಿದರು. ಪೊಲೀಸ್ ಅಧಿಕಾರಿ ಅರ್ವಿದ್ ಟೂರುನ್‌ಳ ಮೇಜಿಗೆ ಎರಡೂ ಕೈ ಊರಿ ನಿಂತರು. ಯಾರು ಬಂದಿಲ್ಲ, ಅದಷ್ಟೇ ಹೇಳು ಅಂದರು.

ಅವಳು ಮೂರನೇ ಕಾಲಮ್ಮಿಗೆ ಫಿಲ್ಟರ್ ಹಾಕಿದಳು. ಟಿಕ್ ಇಲ್ಲದವರು ಮಾತ್ರ. ನೂರ ಹದಿನೆಂಟು ಸಾಲು ಮಡಚಿಕೊಂಡು ಮೂರು ಉಳಿದವು. ಬೆರಿತ್. ಬ್ಯಾರ್ನೆ. ಒಡ್ವಾರ್.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮೂಲೆಯಿಂದ ಬೆರಿತ್ ವಾಫಲ್ ಸೌಟು ಎತ್ತಿ ತೋರಿಸಿದಳು. “ನಾನು ಕಾಣೆಯಾಗಿದೀನಂತೆ. ವಾಫಲ್ ಬೇಕಾದೋರು ಹುಡುಕ್ಕೊಂಡು ಬನ್ನಿ.” ಒಡ್ವಾರ್ ಟೂರುನ್‌ಳ ತಲೆ ಮೇಲೆ ಕೈಯಿಟ್ಟು, “ಮೂರು ಗಂಟೆಯಿಂದ ನಿನ್ನ ಪಕ್ಕದಲ್ಲಿ ನಿಂತಿರೋನು ನಾನಲ್ಲದೆ ನನ್ನ ದೆವ್ವಾನಾ?” ಅಂದರು. ಇಡೀ ಹಾಲೇ ನಕ್ಕಿತು. ಭಯ ಇಳಿದಾಗ ಬರುವ ನಗು. ಪಕ್ಕದಲ್ಲೇ ಕೂತಿದ್ದ ಬ್ಯಾರ್ನೆಯನ್ನು ಹಿಡಿದುಕೊಂಡು ಅವನ ಹೆಂಡತಿ ಅತ್ತೇಬಿಟ್ಟಳು.

ಗಡಿಬಿಡಿಯಲ್ಲಿ ಬಿಟ್ಟುಹೋಗಿರಬೇಕು ಅಂದುಕೊಂಡು ಟೂರುನ್ ಮೂವರಿಗೂ ತನ್ನ ಕೈಯಾರೆ ಟಿಕ್ ಹಾಕಿದಳು. ಸೊನ್ನೆ ಅಂದಳು. ಅರ್ವಿದ್ ಕಣ್ಣು ಮುಚ್ಚಿ ತೆರೆದರು. ಮೇಲೆ ಹೋಗುವುದಕ್ಕೆ ಸಿದ್ಧವಾಗಿ ನಿಂತಿದ್ದ ಎಂಟು ಜನರಿಗೆ ಹಗ್ಗ ಬಿಚ್ಚಿ ಕೂರುವುದಕ್ಕೆ ಹೇಳಿದರು. ಮಿಕ್ಕ ಹಿಮ ಇನ್ನೂ ಮೇಲೆ ನೇತಾಡುತ್ತಿತ್ತು. ಕೆಳಗೆ ಯಾರೂ ಇಲ್ಲದಾಗ ಸುಮ್ಮನೆ ಯಾಕೆ ಜೀವ ಒಡ್ಡುವುದು?

ಲೆಕ್ಕ ಸರಿಹೋಯಿತಲ್ಲ.

ಎಲ್ಲರಿಗೂ ಕಾಫಿ ಕೊಟ್ಟೆ. ಮಕ್ಕಳು ಜಿಮ್ನಾಸ್ಟಿಕ್ಸ್ ಚಾಪೆಗಳ ಮೇಲೆ ಮಲಗಿದರು. ಗಾಳಿ ಹೆಚ್ಚಾಯಿತು. ಹೊರಬಾಗಿಲಿಗೆ ಹಿಮ ಸೊಂಟದವರೆಗೆ ಏರಿ ಒಳಗಿನಿಂದ ತಳ್ಳಿದರೆ ಸರಿಯುತ್ತಲೇ ಇರಲಿಲ್ಲ. ಪಕ್ಕದ ಸಣ್ಣ ಬಾಗಿಲೊಂದನ್ನೇ ಕೆದಕಿ ಕೆದಕಿ ತೆರೆದಿಟ್ಟುಕೊಂಡಿದ್ದರು. ಏಳು ಗಂಟೆಯಾಯಿತು. ಏಳೂವರೆ. ಟೂರುನ್ ಏಳಲಿಲ್ಲ. ಏನೋ ಒಂದು ಅವಳನ್ನು ಆ ಕುರ್ಚಿಗೆ ಕಟ್ಟಿಹಾಕಿತ್ತು. ಬಂದು ಸ್ವಲ್ಪ ಒರಗಿಕೋ ಅಂದೆ. ಇನ್ನೊಂದು ಸಲ ನೋಡ್ತೀನಿ ಅಂದಳು.

ಫಿಲ್ಟರ್ ಹಾಕಿದಳು. ಟಿಕ್ ಇಲ್ಲದವರು.

ಪರದೆ ಖಾಲಿಯಾಗಬೇಕಿತ್ತು. ಒಂದು ಸಾಲು ಉಳಿಯಿತು. ಮನೆ ನಂಬರಿಲ್ಲ, ಹೆಸರಿಲ್ಲ, ಟಿಕ್ ಇಲ್ಲ. ಬರಿಯ ಬಿಳಿ ಸಾಲು. ಕೆಳಗೆ ಸಣ್ಣ ಅಕ್ಷರದಲ್ಲಿ: 119 ದಾಖಲೆಗಳಲ್ಲಿ 1.

ನೂರ ಹದಿನೆಂಟು ಇರಬೇಕಲ್ಲ. ಎಲ್ಲೋ ಕೈತಪ್ಪಿ ಸ್ಪೇಸ್ ಒತ್ತಿರಬೇಕು ಅಂದುಕೊಂಡು ಆ ಸಾಲನ್ನು ಅಳಿಸಿದಳು. ಮತ್ತೆ ಫಿಲ್ಟರ್ ಹಾಕಿದಳು. 119 ರಲ್ಲಿ 1. ಮತ್ತೆ ಅಳಿಸಿದಳು. ಫೈಲು ಮುಚ್ಚಿ ತೆರೆದಳು. 119 ರಲ್ಲಿ 1. ಇಷ್ಟನ್ನು ನಾನೂ ನೋಡಿದೆ. ಅವಳ ಹಿಂದೆ ನಿಂತು ಲೋಟ ಎತ್ತುತ್ತಿದ್ದೆ.

ಆಗ ಟೂರುನ್ ತಲೆಯೆತ್ತಿದಳು. ಕಿವಿ ಕೊಟ್ಟ ಹಾಗೆ. ನನಗೆ ಕೇಳಿಸಿದ್ದು ಜನರೇಟರಿನ ಡುಗುಡುಗು, ಯಾರದೋ ಗೊರಕೆ. ಅವಳಿಗೆ ಕೇಳಿಸಿದ್ದು ಅದಲ್ಲ.

ಕಿರ್... ಕಿರ್... ಕಿರ್... ಟಣ್.

ಮೇಜಿನ ಎಡಗಡೆ, ಗೋಡೆಗೂ ಕುರ್ಚಿಗೂ ನಡುವೆ, ಬಾವಿಯ ಹತ್ತಿರ ಕಂಡವಳು ನಿಂತಿದ್ದಳಂತೆ. ಅದೇ ಶಾಲು. ಒದ್ದೆ ಉಣ್ಣೆಯ ವಾಸನೆ. ಶಾಲಿನ ಮೇಲೆ ಹಿಮ, ಹೆಗಲ ಮೇಲೆ ಹಿಮ. ಮುಖದ ಕಡೆ ನೋಡುವುದಕ್ಕೆ ಟೂರುನ್‌ಗೆ ಧೈರ್ಯ ಬರಲಿಲ್ಲ. ಆದರೂ ಕೇಳಿದಳು, ದಿನವೂ ಎಲ್ಲರನ್ನೂ ಕೇಳುವ ಹಾಗೆ, ಅಷ್ಟೇ ಮೆಲ್ಲಗೆ.

“ಹೆಸರು...?”

“ನನ್ನದಿರಲಿ,” ಅಂದಳಂತೆ. “ಅವನದ್ದು ಬರಕೊಳ್ಳಿ.”

“ಯಾರದ್ದು?”

“ಇಪ್ಪತ್ತೇಳು. ಕೆಳಗಿನ ಕೋಣೆ. ಇನ್ನೂ ಉಸಿರಿದೆ.”

ನಾನು ಕಂಡದ್ದು ಇಷ್ಟು: ಟೂರುನ್ ಗೋಡೆಯ ಕಡೆ ತಿರುಗಿದಳು, ಅವಳ ತುಟಿ ಅಲ್ಲಾಡಿತು, ಆಮೇಲೆ ಅವಳ ಕೈ ಕೀಲಿಮಣೆಯ ಮೇಲೆ ಬಿತ್ತು. ಟಿಕ್‌ನ ಫಿಲ್ಟರ್ ತೆಗೆದು ಮನೆ ನಂಬರಿಗೆ ಹಾಕಿದಳು. ಇಪ್ಪತ್ತೇಳು.

ಎರಡು ಸಾಲು ಬಂದವು. ನಿಲ್ಸ್. ಒಡ್ವಾರ್.

ಒಡ್ವಾರ್ ಇರುವುದು ಮೂರನೇ ನಂಬರಿನಲ್ಲಿ. ನಿಲ್ಸ್ ಇನ್ನೆಲ್ಲೋ. ಇಪ್ಪತ್ತೇಳಕ್ಕೂ ಅವರಿಗೂ ಸಂಬಂಧವೇ ಇಲ್ಲ. ಟೂರುನ್ ಆ ಎರಡು ಸಾಲುಗಳನ್ನೇ ನೋಡುತ್ತ ಕೂತಳು. ಅವಳ ಕುತ್ತಿಗೆಯ ಬಣ್ಣ ಹಿಂದಿನಿಂದಲೇ ಬದಲಾಗುವುದು ನನಗೆ ಕಾಣಿಸಿತು. ಒಡ್ವಾರ್ ಅಂತ ಬರೆದಿದ್ದ ಆ ಸಾಲಿಗೆ ಟಿಕ್ ಹಾಕಿದ್ದು ಅವಳೇ, ಆರು ಗಂಟೆಗೆ, ಎಲ್ಲರೂ ನಗುತ್ತಿದ್ದಾಗ.

ಸಾರ್ಟ್ ವಾಪಸು ತೆಗೆಯುವುದಕ್ಕೆ ನೋಡಿದಳು. ಆಗಲಿಲ್ಲ. ಅವಳೇ ಸೇವ್ ಮಾಡಿ, ಮುಚ್ಚಿ, ತೆರೆದಿದ್ದಳು. ಹಿಂದಕ್ಕೆ ಹೋಗುವ ದಾರಿ ಅಲ್ಲಿಗೇ ಮುಗಿದಿತ್ತು.

ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿದ್ದು ದಡಾರ್ ಅಂತು. ಹಾಲಿನ ಆ ಕೊನೆಯಲ್ಲಿದ್ದ ಅರ್ವಿದ್ ತಿರುಗಿ ನೋಡಿದರು. ಅವಳು ನೂರು ಜನರ ಎದುರಿಗೆ, ಅಲ್ಲಿಂದಲೇ ಹೇಳಿದಳು.

“ಪಟ್ಟಿ ತಪ್ಪು.”

“ನಿನ್ನ ಪಟ್ಟಿ ಸೊನ್ನೆ ಅಂತು ಟೂರುನ್. ಇವರನ್ನ ವಾಪಸ್ ಕೂರ್ಸಿದೀನಿ.”

“ನಾನೇ ತಪ್ಪು ಮಾಡಿದ್ದು. ಹೆಸರುಗಳನ್ನ ಮಾತ್ರ ಜರುಗಿಸಿಬಿಟ್ಟೆ. ಟಿಕ್ ಎಲ್ಲ ಬೇರೆ ಯಾರ್‍ಯಾರ ಮುಂದೆಯೋ ಕೂತಿದೆ. ಇಪ್ಪತ್ತೇಳರಲ್ಲಿ ಒಬ್ಬ ಇದ್ದಾನೆ. ಕೆಳಗಿನ ಕೋಣೇಲಿ.”

“ಯಾರು ಹೇಳಿದ್ದು?”

ಅವಳು ಗೋಡೆಯ ಕಡೆ ಒಂದು ಸಲ ನೋಡಿದಳು.

ಅರ್ವಿದ್ ಕೆಟ್ಟವರಲ್ಲ. ಆದರೆ ಆ ಎಂಟು ಜನರಲ್ಲಿ ಒಬ್ಬ ಅವರ ತಮ್ಮ. ಇನ್ನೊಂದು ಸಲ ಜಾರಿದರೆ ಎಂಟೂ ಜನ ಹೋಗುತ್ತಾರೆ, ಒಂದು ಹೆಸರಾದರೂ ಬೇಕು ನನಗೆ, ಅಂದರು. ಇಪ್ಪತ್ತೇಳರ ಕೆಳಗಿನ ಕೋಣೆಯಲ್ಲಿ ಯಾರಿದ್ದಾರೆ, ಯಾರಿಗಾದರೂ ಗೊತ್ತಾ ಅಂತ ಎಲ್ಲರನ್ನೂ ಕೇಳಿದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಕಾರ್ಖಾನೆಯ ಹುಡುಗ ಇರಬೇಕು ಅಂದರು. ಪೋಲಂಡಿನವನಲ್ಲವಾ ಅಂದರು. ಅಸ್ಲೌಗ್‌ಗೆ ಗೊತ್ತು, ಅವಳು ಪಟ್ಟಣದಲ್ಲಿದ್ದಾಳೆ ಅಂದರು. ಟೂರುನ್ ಪಟ್ಟಿಯಲ್ಲಿ ಮೇಲೆ ಕೆಳಗೆ ಹುಡುಕುತ್ತಿದ್ದಳು. ನೂರ ಹದಿನೆಂಟರಲ್ಲಿ ಯಾವುದು ಅವನ ಹೆಸರು? ಎಲ್ಲದರ ಮುಂದೆಯೂ ಟಿಕ್. ಮೂರು ವಾರದ ಹಿಂದೆ ಒಂದೇ ಒಂದು ಸಲ ಟೈಪ್ ಮಾಡಿದ್ದ ಹೆಸರು ಅವಳಿಗೆ ನೆನಪೇ ಆಗಲಿಲ್ಲ.

ನನ್ನ ಕೈಯಲ್ಲಿ ಕಾಫಿಯ ಜಗ್ಗು ಇತ್ತು. ಅಷ್ಟು ಜನರ ನಡುವೆ ನಾನು ಎಂದೂ ಬಾಯಿ ತೆರೆದವಳಲ್ಲ.

“ವೀತೆನಿಸ್,” ಅಂದೆ.

ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಅಂದೆ. ಜೋರಾಗಿ. ಅರ್ವಿದ್ ನನ್ನ ಹತ್ತಿರ ಬಂದರು.

“ಇವತ್ತು ಅವನನ್ನ ನೋಡಿದ್ಯಾ ಮಾರಿತ್?”

“ಇಲ್ಲ. ಅವನು ಹಗಲು ಮಲಗ್ತಾನೆ. ಕಿವಿಗೆ ಹತ್ತಿ ಇಟ್ಕೊಂಡು.”

“ಮೊದಲೇ ಯಾಕೆ ಹೇಳ್ಲಿಲ್ಲ?”

ಕಾಫಿಯ ಜಗ್ಗು ನೆಲಕ್ಕಿಟ್ಟು, ಅವನ ಹೆಸರನ್ನು ಇನ್ನೊಂದು ಸಲ ಬಿಡಿಸಿ ಹೇಳಿದೆ.

ಎಂಟು ಜನ, ಒಂದು ನಾಯಿ, ಹಿಮ ಚುಚ್ಚಿ ನೋಡುವ ಉದ್ದನೆಯ ಕಬ್ಬಿಣದ ಸರಳುಗಳು. ಎಂಟೂವರೆಗೆ ಸಣ್ಣ ಬಾಗಿಲಿನಿಂದ ಒಬ್ಬೊಬ್ಬರಾಗಿ ಹೊರಗೆ ಹೋದರು. ಅರ್ವಿದ್ ತಮ್ಮನ ಹೆಗಲು ತಟ್ಟಿದರು. ಟೂರುನ್ ಬಿದ್ದ ಕುರ್ಚಿ ಎತ್ತಿ ಮತ್ತೆ ಅಲ್ಲೇ ಕೂತಳು. ಯಾರೂ ಅವಳ ಹತ್ತಿರ ಹೋಗಲಿಲ್ಲ. ಅವಳು ಯಾರನ್ನೂ ನೋಡಲಿಲ್ಲ. ಒಡ್ವಾರ್ ಮಾತ್ರ ಒಂದು ವಾಫಲ್ ತಟ್ಟೆ ತಂದು ಅವಳ ಮುಂದಿಟ್ಟು, ಅಕ್ಷರದ ಸಾಲಿಗೆ ಹಾಕು ಅಂತ ಹೇಳಿದ್ದು ನಾನು, ನೆನಪಿದೆ ಅಂದರು. ವಾಫಲ್ ಹಾಗೇ ತಣ್ಣಗಾಯಿತು.

ಒಂಬತ್ತು. ಹತ್ತು. ಹನ್ನೊಂದು. ಕಿಟಕಿಯ ಆಚೆಗೆ ಏನೂ ಕಾಣದು. ಪ್ರತಿ ಸಲ ಗಾಳಿ ನಿಂತಾಗಲೂ ಎಲ್ಲರೂ ಆ ನಿಟ್ಟುಸಿರಿಗಾಗಿ ಕಾದೆವು. ಎರಡನೇ ನಿಟ್ಟುಸಿರಿಗಾಗಿ. ಒಳಗಿನವರಿಗೆ ಹೊರಗೆ ಹೋಗಲಾಗದು, ಹೊರಗಿನವರಿಗೆ ಬೆಟ್ಟದ ಕೆಳಗಿಂದ ಸರಿಯಲಾಗದು, ಅವನಂತೂ... ನಾನು ಬಾಯೊಳಗೇ ಅವನ ಹೆಸರು ಹೇಳಿಕೊಳ್ಳುತ್ತಿದ್ದೆ. ವೀ ತೆ ನಿಸ್. ಸುಮ್ಮನೆ. ಬೇರೇನೂ ಮಾಡುವುದಕ್ಕೆ ಇರಲಿಲ್ಲ.

ಹನ್ನೆರಡರ ಹೊತ್ತಿಗೆ ಟೂರುನ್ ಇನ್ನೊಂದು ಸಲ ಫಿಲ್ಟರ್ ಹಾಕಿ ನೋಡಿದಳು. ಖಾಲಿ. 118 ರಲ್ಲಿ 0.

ಒಂದೂ ಇಪ್ಪತ್ತಕ್ಕೆ ಅವನು ಸಿಕ್ಕಿದ.

ಮೇಲಿನ ಮನೆ ನುಜ್ಜುಗುಜ್ಜಾಗಿ ಕೆಳಗಿನ ಕೋಣೆಯ ಮೇಲೆ ಕೂತಿತ್ತಂತೆ. ಕಾಂಕ್ರೀಟಿನ ಒಂದು ಮೂಲೆ ನಿಂತಿತ್ತು, ಆ ಮೂಲೆಯಲ್ಲಿ ಅವನು. ಎದ್ದು ನಿಲ್ಲುವಷ್ಟು ಎತ್ತರವಿಲ್ಲ, ಕಾಲು ಚಾಚುವಷ್ಟು ಉದ್ದವಿಲ್ಲ. ಬೆರಳುಗಳು ನೀಲಿಯಾಗಿದ್ದವು, ಪ್ರಜ್ಞೆ ಇತ್ತು. ಸರಳು ತೂರಿಸಿದ ರಂಧ್ರದ ಹತ್ತಿರ ನಾಯಿ ಬೊಗಳಿದಾಗ ಒಳಗಿನಿಂದ ಸಣ್ಣ ದನಿಯಲ್ಲಿ ಒಂದೇ ಮಾತು ಬಂತಂತೆ, ಮತ್ತೆ ಮತ್ತೆ. ಅವನು ತನ್ನ ಹೆಸರು ಹೇಳುತ್ತಿದ್ದ.

ಒಂದು ತಿಂಗಳಾದ ಮೇಲೆ, ಕೈಯ ಬ್ಯಾಂಡೇಜು ಬಿಚ್ಚಿಸಿಕೊಂಡು ಬಂದವನು, ಟೂರುನ್ ಮನೆಯ ಅಡುಗೆಮನೆಯಲ್ಲಿ ಕೂತು ಹೇಳಿದ. ಅವನಿಗೆ ನಮ್ಮ ಭಾಷೆ ಇನ್ನೂ ಅಷ್ಟು ಬರುತ್ತಿರಲಿಲ್ಲ, ತಡವರಿಸಿ ತಡವರಿಸಿ ಹೇಳಿದ. ಎಚ್ಚರವಾದಾಗ ಕಗ್ಗತ್ತಲೆ. ಕೂಗಿ ಕೂಗಿ ದನಿ ಹೋಯಿತು. ಆಮೇಲೆ ಚಳಿ ಕೂಡ ಗೊತ್ತಾಗಲಿಲ್ಲ, ಹಿತವಾದ ನಿದ್ದೆ ಬರತೊಡಗಿತು. ಕಣ್ಣು ಮುಚ್ಚಿದರೆ ಸಾಕು, ಕಿವಿಯ ಪಕ್ಕದಲ್ಲಿ ಸರಪಳಿ ಎಳೆದ ಸದ್ದು, ಕಬ್ಬಿಣ ಕಲ್ಲಿಗೆ ತಗುಲಿದ ಸದ್ದು. ಆಮೇಲೆ ಒಬ್ಬ ಹೆಂಗಸು ಪಿಸುದನಿಯಲ್ಲಿ ಕೇಳುವಳು, “ನಿಮ್ಮ ಹೆಸರೇನು?” ಅವನು ಹೇಳುವನು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳುವಳು. ಮಲಗುವುದಕ್ಕೇ ಬಿಡಲಿಲ್ಲ. ನೂರು ಸಲವಾದರೂ ಹೇಳಿರಬಹುದು ಅಂದ.

“ಒಂದು ಸಲ ಮಧ್ಯದಲ್ಲಿ ಸುಮ್ಮನಾದ್ಲು,” ಅಂದ. “ಸ್ವಲ್ಪ ಹೊತ್ತು. ಆಮೇಲೆ ವಾಪಸ್ ಬಂದ್ಲು.”

ಎಷ್ಟು ಹೊತ್ತಿಗೆ ಅಂತ ಟೂರುನ್ ಕೇಳಲಿಲ್ಲ. ಅವನಿಗೆ ಗೊತ್ತಿರುವ ಸಾಧ್ಯತೆಯೂ ಇರಲಿಲ್ಲ. ಅವಳು ಎದ್ದು ಹೋಗಿ ಒಲೆಗೆ ಸೌದೆ ಹಾಕಿದಳು. ನಾನು ಬೀಟ್‌ರೂಟ್ ಸಾರು ಬಡಿಸಿದೆ. ಅವನೇ ಹೇಳಿಕೊಟ್ಟ ಹಾಗೆ ಮಾಡಿದ್ದೆ, ಉಪ್ಪು ಜಾಸ್ತಿಯಾಗಿತ್ತು.

ಟೂರುನ್‌ಳ ಕಣ್ಣಿಗೆ ಆಯಾಸವಾಗಿತ್ತು, ಸ್ಪ್ರೆಡ್‌ಶೀಟಿನಲ್ಲಿ ಹಾಗೆಲ್ಲ ಖಾಲಿ ಸಾಲು ಸೇರಿಕೊಳ್ಳುತ್ತದೆ, ಚಳಿಯಲ್ಲಿ ಸಾಯುವವರಿಗೆ ದನಿ ಕೇಳುತ್ತದೆ. ಇವೆಲ್ಲ ನನಗೂ ಗೊತ್ತು. ಹಾಗೆ ಹೇಳುವವರ ಜೊತೆ ನಾನು ವಾದ ಮಾಡುವುದಿಲ್ಲ. ಆ ಹೆಂಗಸನ್ನು ನಾನು ನೋಡಲೂ ಇಲ್ಲ. ನಾನು ಹೇಳಬಹುದಾದದ್ದು ಒಂದೇ.

ಮರುದಿನ ಬೆಳಿಗ್ಗೆ ಆರಕ್ಕೆ ಹಾಲ್ ಗುಡಿಸುವ ಪಾಳಿ ನನ್ನದು. ಆ ಹಾಲಿಗೆ ಯಾರೂ ಬೂಟು ಹಾಕಿಕೊಂಡು ಬಂದಿರಲಿಲ್ಲ, ಎಲ್ಲರ ಬೂಟೂ ಬಾಗಿಲ ಹತ್ತಿರ ರಾಶಿ ಬಿದ್ದಿತ್ತು. ಟೂರುನ್‌ಳ ಮೇಜಿನ ಎಡಗಡೆ, ಗೋಡೆಗೂ ಕುರ್ಚಿಗೂ ನಡುವೆ, ನೆಲದ ಮೇಲೆ ಹಿಮ ಇತ್ತು. ಎರಡು ಬೊಗಸೆಯಷ್ಟು. ಅದರ ಪಕ್ಕದಲ್ಲೇ ಗೋಡೆಯ ಹೀಟರು, ಮುಟ್ಟಿದರೆ ಸುಡುತ್ತಿತ್ತು. ಅವಳು ಗೋಡೆಯ ಕಡೆ ತಿರುಗಿ ತುಟಿ ಅಲ್ಲಾಡಿಸಿದ್ದು ಹಿಂದಿನ ರಾತ್ರಿ ಎಂಟು ಗಂಟೆಗೆ. ಹತ್ತು ಗಂಟೆ ಕಾಲ ಆಗಿತ್ತು. ನೆಲ ಒಣಗಿತ್ತು. ಹಿಮ ಪುಡಿಪುಡಿಯಾಗಿ, ಈಗ ತಾನೇ ಬಿದ್ದ ಹಾಗಿತ್ತು. ಕಸದ ಮೊರಕ್ಕೆ ತಳ್ಳುವಾಗ ಕರಕರ ಅಂತು. ಸಣ್ಣ ಬಾಗಿಲಿನಿಂದ ಹೊರಗೆ ಹಾಕಿ ಬಂದೆ. ಗುಡಿಸಿದ್ದು ನಾನೇ, ಈ ಕೈಯಲ್ಲೇ.